ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ

ಬಿಳಿಚೋಡು
ಬುಧವಾರ, 12-2-2025

ಪ್ರೀತಿಯ ರೂಪಾ,

ನೀನೂ ಕೂಸೂ ಹೇಗಿದ್ದೀರಿ? ಎದೆಹಾಲು ಸಾಲುತ್ತಿದೆಯೇ? ಸಬ್ಬಸಿಗೆ ಸೊಪ್ಪು ತಿನ್ನುವುದನ್ನು ಬಿಡಬೇಡ. ಬೀಗಿತಿಯವರ ಮಂಡಿನೋವು ಇಳಿಯಿತೇ? ಫೋನ್ ಇರುವಾಗ ಅವ್ವ ಯಾಕೆ ಕಾಗದ ಬರೆದಳು ಅಂದುಕೊಂಡೀಯ. ಫೋನ್ ಎತ್ತಿದರೆ ಸಾಕು, ನಿನ್ನ ಮಗಳು ವಾಣಿ ನನ್ನ ಮೈಗೆ ಅಂಟಿಕೊಂಡು ನಿಲ್ಲುತ್ತಾಳೆ. ಈ ಮಾತು ಅವಳ ಕಿವಿಗೆ ಬೀಳಬಾರದು. ಹೊನ್ನಾಳಿ ಕಡೆಗೆ ಮೆಕ್ಕೆಜೋಳದ ಲಾರಿ ಹೊಡೆಯುವ ತಿಪ್ಪೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ಶನಿವಾರ ಸಂಜೆ ಯಾರೋ ಸಂಘದವರು ಬಂದು ಪರದೆ ಕಟ್ಟಿ ಕಾಡುಪ್ರಾಣಿಗಳ ಸಿನಿಮಾ ತೋರಿಸಿದರು. "ಹೊಡೆದಾಟ ಇಲ್ಲ, ಕುಣಿತ ಇಲ್ಲ, ಮನೆಮಂದಿಯೆಲ್ಲ ಕೂತು ನೋಡ್ರಿ" ಎಂದು ಮೈಕಿನಲ್ಲಿ ಕೂಗಿದ್ದರು. ಎಂಥ ಮನೆಮಂದಿ ಸಿನಿಮಾ ಅಂತೀಯ. ಶುರುವಿನಲ್ಲೇ ಜಿಂಕೆಗಳು ಕೂಡುವುದನ್ನು ತೋರಿಸಿದರು. ದಿನಾ ಕುರಿ ರೊಪ್ಪದಲ್ಲಿ ಅದನ್ನೇ ನೋಡುವ ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡಿದೆವು. ಮಾವಂದಿರ ಎದುರು ಕೂತ ಸೊಸೆಯಂದಿರ ಪಾಡು ಕೇಳಬೇಡ. ಆಮೇಲೆ ಸೀಳುನಾಯಿಗಳು ಜೀವಂತ ಜಿಂಕೆಯನ್ನು ಹರಿದವು. ಪಕ್ಕದ ಮನೆ ಮೂಕಮ್ಮ, "ಇದನ್ನ ನೋಡಾಕೆ ಒಲೆ ಆರಿಸಿ ಬಂದ್ನಾ" ಎಂದು ಬೈದುಕೊಂಡು ಎದ್ದುಹೋದಳು. ನಾನು ವಾಣಿಯ ಕಣ್ಣು ಮುಚ್ಚಿ ಹಿಡಿದಿದ್ದೆ. ರಕ್ತ ಮುಗಿದ ಮೇಲೆ, ಇನ್ನೇನೂ ಭಯವಿಲ್ಲವೆಂದು ಕೈ ತೆಗೆದೆ.

ಆಗ ಬಂದದ್ದು ಒಂದು ಹುಲಿ, ಎರಡು ಮರಿ. ಹಳ್ಳ ದಾಟುವಾಗ ತಾಯಿ ಒಂದು ಮರಿಯನ್ನು ಕಚ್ಚಿಕೊಂಡು ಹೋಯಿತು. ಸೊರಗಿದ್ದನ್ನು ಒಮ್ಮೆ ಮೂಸಿ ಅಲ್ಲೇ ಬಿಟ್ಟಿತು. ಅದು ಕೂಗುತ್ತಾ ಕೂತಿತ್ತು. "ಅದರವ್ವ ವಾಪಸ್ ಬರ್ತಾಳಾ ಅಜ್ಜಾ?" ಎಂದು ವಾಣಿ ಕೇಳಿದಳು. ನಿಮ್ಮಪ್ಪನದು ಕುರಿ ಕಾಯುವವರ ಬಾಯಿ, ಇದ್ದದ್ದು ಇದ್ದಂಗೆ ಬರುತ್ತದೆ. "ಇಲ್ಲ ಕಣವ್ವ. ನಮ್ಮ ಕುರಿನೂ ಹಂಗೇ. ಬಲ ಇರೋ ಮರಿಗೆ ಹಾಲು ಕೊಡ್ತೈತೆ, ಸೊರಗಿದ್ದನ್ನ ಒದಿತೈತೆ" ಅಂದರು. 

ಭಾನುವಾರ ಅವಳು ಎರಡು ಮುದ್ದೆ ಉಂಡಳು. ಅಗುಳು ಲೆಕ್ಕ ಹಾಕಿ ಉಣ್ಣುವ ಹುಡುಗಿ ಕಣೆ ಅವಳು. ಅಜ್ಜಿಮನೆ ನೀರು ಹಿಡಿಸಿತು ಎಂದು ನಾನು ದಡ್ಡಿ ಹಿಗ್ಗಿದೆ. ಸೋಮವಾರ ಮಧ್ಯಾಹ್ನ ಮೇವಿನ ಬಣವೆಯ ಹಿಂದೆ ಹೋಗಿ ನೋಡುತ್ತೇನೆ, ಬಾಯಿಗೆ ಲಂಗ ತುರುಕಿಕೊಂಡು ಮುದುಡಿ ಕೂತಿದ್ದಾಳೆ. ಉಬ್ಬಸ ಎದ್ದಿತ್ತು ರೂಪಾ. ಕೆಮ್ಮು ಹೊರಗೆ ಕೇಳಬಾರದೆಂದು ಹಿಡಿದಿಟ್ಟು ತುಟಿ ನೀಲಿಯಾಗಿತ್ತು. ಬಾಯಿಗೆ ಉಬ್ಬಸದ ಪಂಪು ಹಾಕಿ, ಜಗಳೂರಿನ ಡಾಕ್ಟರ ಹತ್ತಿರ ಹೊತ್ತುಕೊಂಡು ಓಡಿದೆವು. ಈಗ ಉಸಿರು ಸರಾಗವಾಗಿದೆ, ಗಾಬರಿ ಬೀಳಬೇಡ.

ಬಸ್ಸಿನಲ್ಲಿ ಬರುವಾಗ ನನ್ನ ಕಿವಿಯಲ್ಲಿ ಹೇಳಿದಳು: "ಕೆಮ್ಮಿದ್ದು ಅವ್ವಂಗೆ ಹೇಳಬ್ಯಾಡ ಅಜ್ಜಿ. ಬಲ ಬಂದೈತೆ ಅಂತ ಹೇಳು. ಆಗ ಕರಕೊಂಡು ಹೋಗಾಕೆ ಬರ್ತಾಳೆ."

ಆರು ವರ್ಷದ ಮಗು. ತಮ್ಮ ಸ್ವಲ್ಪ ದೊಡ್ಡವನಾಗಲಿ ಎಂದು ನಾವು ಇಲ್ಲಿ ಇಟ್ಟುಕೊಂಡೆವು. ಅವಳಿಗೆ ಕಂಡದ್ದು ಬೇರೆಯೇ. ಅಜ್ಜ ಅವಳನ್ನು ರೊಪ್ಪಕ್ಕೆ ಕರೆದೊಯ್ದು, "ಕುರಿ ಒದ್ದ ಮರೀನ ನಾವು ಬಾಟಲಿ ಹಾಲು ಹಾಕಿ ಸಾಕ್ತೀವಲ್ಲವ್ವ" ಎಂದು ಸಮಾಧಾನ ಮಾಡಲು ಹೋದರು. "ಹಾಲು ಹಾಕೋದು ನೀನು, ಅದರವ್ವ ಅಲ್ಲ" ಅಂದಳಂತೆ. ಅಂದಿನಿಂದ ನಿಮ್ಮಪ್ಪ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಾರೆ. ನನಗಂತೂ ಆ ಬಣವೆಯ ಕಡೆ ನೋಡಲೂ ಆಗುತ್ತಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ, ತಾಯಿ. ಎಳೆಗೂಸಿನ ಬಾಣಂತಿ ನೀನು, ಅತ್ತು ಮೈ ಕೆಡಿಸಿಕೊಳ್ಳಬೇಡ. ಅಳಿಯಂದಿರಿಗೆ, ಬೀಗಿತಿಯವರಿಗೆ ನಮ್ಮ ಶರಣು. ಕೂಸಿನ ನೆತ್ತಿಗೆ ನನ್ನ ಮುತ್ತು. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಕಸ್ತೂರಮ್ಮ

ಮರೆತಿದ್ದೆ: ಫೋನಿನಲ್ಲಿ ಕೇಳಿದರೆ "ಗಟ್ಟಿಯಾಗಿದೀನಿ" ಅನ್ನುತ್ತಾಳೆ, ನಂಬಬೇಡ. ಈ ಭಾನುವಾರವೇ ಬಂದು ಅವಳನ್ನು ಕರೆದುಕೊಂಡು ಹೋಗು. ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾಳೆ. ಕೂಸನ್ನು ಅಳಿಯಂದಿರು ಎತ್ತಿಕೊಳ್ಳಲಿ. ನೀನು ಇಳಿಯುವಾಗ ನಿನ್ನ ಎರಡೂ ಕೈ ಖಾಲಿ ಇರಲಿ.