ಬೂರೆ ಕುಣಿತದಲ್ಲಿ ನಿಮ್ಮ ಜಾಗ

ಪ್ರೀತಿಯ ವಾರಿಜ ಆಂಟಿ,

ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿದೆ. ನೀವು ಹೋಗಿ ಹತ್ತೊಂಬತ್ತು ದಿನಗಳಾದ ಮೇಲೆ. ನಾನು ಯಾವ ಮುಖ ಇಟ್ಟುಕೊಂಡು ಇದನ್ನು ಬರೆಯಲಿ?

ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ನಿಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಮೊದಲ ಚಳಿಗಾಲ ನೆನಪಾಗುತ್ತದೆ. ವಾರವಿಡೀ ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಂತೇ ದುಡಿಯುತ್ತಿದ್ದ ನೀವು ಶನಿವಾರ ಮಧ್ಯಾಹ್ನ ಸೀರೆಯ ಮೇಲೆ ಸ್ವೆಟರ್ ಹಾಕಿ, ಕ್ಯಾನ್ವಾಸ್ ಶೂ ಕಟ್ಟಿ ಪಕ್ಕದ ಬೀದಿಯ ಹಾಲ್‌ಗೆ ಹೊರಡುತ್ತಿದ್ದಿರಿ. "ಬಾ ಮಾರಾಯ್ತಿ, ಫ್ರೆಂಚರ ಕುಣಿತ ಕಲಿಸ್ತಾರೆ. ಚಾ ಸಹ ಉಂಟು." ಕಲಿಸುತ್ತಿದ್ದ ಕೊಲೆಟ್ ಎಂಬ ಅಜ್ಜಿ ಅದನ್ನು ಬೂರೆ ಎನ್ನುತ್ತಿದ್ದರು. ಎರಡು ಸಾಲು ಎದುರುಬದುರು ನಿಂತು, ಹತ್ತಿರ ಬಂದು, ಕೈ ಮುಟ್ಟದೆ ಹಿಂದೆ ಸರಿಯುವ ಕುಣಿತ.

ನಿಮ್ಮ ಕಾಲು ಯಾರಿಗಾದರೂ ತಾಗಿದರೆ ಮುಗಿಯಿತು. ಅಲ್ಲೇ ನಿಂತು, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಿರಿ. ಸಾಲಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸುತ್ತಿದ್ದರು. ನನಗೋ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆ. "ಬಿಡಿ ಆಂಟಿ, ಇಲ್ಲಿ ಯಾರೂ ಹಾಗ್ ಮಾಡಲ್ಲ" ಅಂದರೆ, "ತಾಗಿದ್ದು ನನ್ನ ಕಾಲಲ್ವಾ?" ಎನ್ನುತ್ತಿದ್ದಿರಿ.

ಅಕಾರ್ಡಿಯನ್ ವಾದ್ಯ ನುಡಿಸುವವರ ಪಕ್ಕದ ತುದಿಗೆ, ಸಾಲು ನಡೆಸುವ ಜಾಗಕ್ಕೆ, ಕೊಲೆಟ್ ಎಷ್ಟು ಸಲ ಕರೆದರೂ ನೀವು ಬಾಗಿಲ ಬಳಿಯ ಕೊನೆಯಿಂದ ಕದಲಲಿಲ್ಲ. ಮನೆಗೆ ನಡೆಯುವಾಗ ಒಮ್ಮೆ ಕಾರಣ ಹೇಳಿದಿರಿ. "ಅದು ಅರಮನೆಯವರ ಕುಣಿತ ಅಂತೆ. ಗುಡ್ಡೆಯಲ್ಲಿ ಕಟ್ಟಿಗೆ ಹೆಕ್ಕಿದವಳು ನಾನು. ಮುಂದೆ ನಿಂತರೆ ಚಂದ ಕಾಣ್ತದಾ?"

ನಾನು ಸಿಡ್ನಿಗೆ ಬಂದ ಮೇಲೆ ನೀವು ಆಫೀಸಿಗೆ ಫೋನ್ ಮಾಡಿದ್ದು ಒಂದೇ ಸಲ. ಬೂರೆ ಅಂದರೆ ಏನು, ಯಾರು ಶುರು ಮಾಡಿದ್ದು, ಕಂಪ್ಯೂಟರಿನಲ್ಲಿ ನೋಡಿ ಹೇಳು ಎಂದಿರಿ. "ಸಾಫ್ಟ್‌ವೇರ್ ರಿಲೀಸ್ ಇದೆ ಆಂಟಿ, ವೀಕೆಂಡ್ ನೋಡ್ತೀನಿ." ಎರಡು ವೀಕೆಂಡ್ ಕಳೆದವು. ಸೋಮವಾರ ನಿಮ್ಮ ಮಗನ ಫೋನ್ ಬಂತು. "ಅಮ್ಮಾ ಈಸ್ ಗಾನ್" ಎಂದ.

ನಿಮ್ಮನ್ನು ಕೊನೆಯದಾಗಿ ಕಳಿಸಿಕೊಟ್ಟ ದಿನ ಕೊಲೆಟ್ ಹೇಳಿದರು, ವರ್ಷದ ಕೊನೆಯ ಕುಣಿತಕ್ಕೆ ಸಾಲು ನಡೆಸಲು ನಿಮ್ಮನ್ನು ಕೇಳಿದ್ದರಂತೆ. ಸಿಡ್ನಿಯಿಂದ ಉತ್ತರ ಬರಲಿ, ಆಮೇಲೆ ಹೇಳುತ್ತೇನೆ ಎಂದಿದ್ದಿರಂತೆ. ನೀವು ಕಾಯುತ್ತಿದ್ದಿರಿ. ನಾನು…

ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಬೂರೆ ಅಂದರೆ ಒಣ ಕಡ್ಡಿಗಳ ಹೊರೆ, ಆಂಟಿ. ಫ್ರಾನ್ಸಿನ ಬೆಟ್ಟಸೀಮೆಯ ಹಳ್ಳಿಯವರು ಅಂಥ ಹೊರೆಗಳಿಗೆ ಬೆಂಕಿ ಹಚ್ಚಿ ಸುತ್ತಲೂ ಕುಣಿಯುತ್ತಿದ್ದರು, ಕುಣಿತಕ್ಕೆ ಹೆಸರು ಅದರಿಂದಲೇ ಬಂದಿರಬಹುದು ಎನ್ನುತ್ತಾರೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಕುಣಿತ ಅರಮನೆಗೆ ಹೋದದ್ದು ಆಮೇಲೆ. ಕಟ್ಟಿಗೆ ಹೆಕ್ಕಿದವರ ಕುಣಿತದಲ್ಲೇ ನೀವು ಬಾಗಿಲ ಬಳಿ ನಿಂತಿರಿ, ನಾನು ನಿಮ್ಮನ್ನು ಅಲ್ಲೇ ಬಿಟ್ಟೆ.

ಮೊನ್ನೆ ಶನಿವಾರ ಮೆಲ್ಬರ್ನ್‌ಗೆ ಬಂದು ಹಾಲ್‌ನಲ್ಲಿ ಎಲ್ಲರಿಗೂ ಇದನ್ನು ಹೇಳಿದೆ. ಅಕಾರ್ಡಿಯನ್ ಪಕ್ಕದ ಜಾಗ ಖಾಲಿ ಬಿಟ್ಟು ಕುಣಿದರು. ನಾನು ಬಾಗಿಲ ಬಳಿ ನಿಂತೆ. ಎರಡನೆಯ ಸುತ್ತಿನಲ್ಲಿ ಕೊಲೆಟ್ ಅವರ ಕಾಲು ನನ್ನ ಕಾಲಿಗೆ ತಾಗಿತು. ಅವರು ಅಲ್ಲೇ ನಿಂತು, ನನ್ನ ಭುಜ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಸಾಲು ಮುಗ್ಗರಿಸಲಿಲ್ಲ. ಎಲ್ಲರೂ ಅವರಿಗಾಗಿ ನಿಂತಿದ್ದರು. ನಾನು ನೋಡುತ್ತಲೇ ಇದ್ದುದನ್ನು ಕಂಡು ಅವರು, ಇಲ್ಲಿ ನಾವೆಲ್ಲ ಹೀಗೇ ಮಾಡುತ್ತೇವೆ ಎಂದರು.

ನಿಮ್ಮ ಹಿಂದಿನ ರೂಮಿನವಳು,
ಸುಮ