ಗುರುವಾರದ ಅರ್ಧ ಕಪ್ಪು ಟೀ

ಬಾರ್ನ್ಸ್ಲಿ,
ನವೆಂಬರ್ 14, 2003, ಶುಕ್ರವಾರ

ಪ್ರೀತಿಯ ಅಮ್ಮಾ,

ಬೆಳಗಿನ ಜಾವ ನಾಲ್ಕು. ಕೆಳಗೆ ನಿನ್ನ ಅಳಿಯ ಕ್ರೇಗ್ ಇಟ್ಟ ಕೆಟಲ್ ಸೀಟಿ ಹೊಡೆದು ಎಚ್ಚರವಾಯಿತು. ನಿದ್ದೆ ಅಂತ ಬಂದದ್ದೇ ಅರ್ಧ ಗಂಟೆ. ಅವನು ಮೊದಲ ಬಸ್ ಓಡಿಸಲು ಹೊರಟಿದ್ದಾನೆ, ದಾರಿಯಲ್ಲಿ ಇದನ್ನು ನಿನ್ನ ಬಾಗಿಲ ಸಂದಿನಲ್ಲಿ ತೂರಿಸಿ ಹೋಗುತ್ತಾನೆ. ರಾತ್ರಿ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮೊಣಕಾಲು ನೋವು ಹೇಗಿದೆ? ನಿನ್ನೆ ನೀನು ಬಂದಾಗಲೇ ಕೇಳಬೇಕಿತ್ತು, ಕೇಳಲಿಲ್ಲ.

ನೀನು ಬರುವುದು ಭಾನುವಾರ. ಗುರುವಾರ ಬಂದು ನಿಂತಾಗಲೇ ಏನೋ ಇದೆ ಎಂದು ಹೊಳೆಯಬೇಕಿತ್ತು. ಆದರೆ ಒಳಗೆ ಫಿಲಿಪ್ಪಾ ಮತ್ತು ಅವಳ ಗೆಳತಿ, ನಮ್ಮ ಎಳೆ ಮಕ್ಕಳ ತಾಯಂದಿರ ಗುಂಪಿನ ದೊಡ್ಡ ಮನೆಯವರು, ನನ್ನ ಹೊಸ ಯಂತ್ರದ ನೊರೆ ಕಾಫಿ ಹೀರುತ್ತಾ ಕೂತಿದ್ದರು. ಇವತ್ತೇ ಯಾಕೆ ಬಂದಳಪ್ಪಾ ಅನ್ನಿಸಿತು ನನಗೆ. ನೀನೇ ಟೀ ಮಾಡಿ ತಂದೆ. ಕಪ್ಪಿಗೆ ಹಾಲು ಮೊದಲು ಸುರಿದೆ. ಹಾಲು ಮೊದಲು ಹಾಕುವವರು ಬಡ ಕೂಲಿ ಮನೆಯವರು ಅಂತ ಇಲ್ಲಿನ ದೊಡ್ಡವರ ಅಳತೆ, ನಿನಗೂ ಗೊತ್ತು. ಫಿಲಿಪ್ಪಾ ಹುಬ್ಬು ಹಾರಿಸಿದಳು. ನಾನು ಅವಳ ಜೊತೆ ನಕ್ಕೆ. "ಅಮ್ಮಾ, ಈಗ ಯಾರು ಹೀಗ್ ಮಾಡ್ತಾರೆ? ನೀನೂ ಕಾಫಿ ಕುಡಿಯೋದು ಕಲಿ" ಅಂದೆ. ನೀನು ಸಿಟ್ಟು ಮಾಡಲಿಲ್ಲ. "ಬರೀ ಬಿಸಿ ಟೀ ಬಿದ್ರೆ ನಮ್ ಕಪ್ಗಳು ಬಿರುಕು ಬಿಡ್ತಿದ್ವು ಕಣೇ. ಬಿರುಕು ಬಿಟ್ರೆ ಇನ್ನೊಂದು ಇರ್ಲಿಲ್ಲ" ಅಂದೆ. ಅರ್ಧ ಕಪ್ಪು ಹಾಗೇ ಇಟ್ಟು ನೀನು ಎದ್ದು ಕೋಟಿನ ಗುಂಡಿ ಹಾಕಿಕೊಂಡೆ. ಇನ್ನೂ ಸ್ವಲ್ಪ ಕೂತ್ಕೋ ಅಂತ ನಾನು ಅನ್ನಲಿಲ್ಲ.

ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ ಹೊರಬರುವುದು ಎರಡನೇ ಕಪ್ಪಿಗೆ. ಮೊದಲನೆಯದಕ್ಕೆ ಮಳೆ, ಚಳಿ, ಪಕ್ಕದ ಮನೆಯ ಬೆಕ್ಕು. ತಾನು ದುಡಿಯುತ್ತಿದ್ದ ಕಲ್ಲಿದ್ದಲು ಗಣಿ ಮುಚ್ಚಿತು ಎಂದು ಅಪ್ಪ ಹೇಳಿದ್ದೂ ಹಾಗೆಯೇ. ಈ ಕಾಫಿಯಲ್ಲಿ ಎರಡನೇ ಕಪ್ಪೇ ಇಲ್ಲ, ಬರಿದಾದೊಡನೆ ಏಳುತ್ತಾರೆ. ನಿನ್ನನ್ನು ನಾನು ಮೊದಲನೆಯದನ್ನೂ ಮುಗಿಸಲು ಬಿಡಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆದು ನನ್ನನ್ನು ಕಾಲೇಜಿಗೆ ಕಳಿಸಿದವಳು ನೀನು. ಅಲ್ಲಿ ನಾನು ಕಲಿತದ್ದು ನಿನ್ನನ್ನು ನೋಡಿ ನಗುವುದನ್ನೇ ಅಂತ ನೆನೆದರೆ ಮಗುವಿನ ಮುಖ ನೋಡಲೂ ನಾಚಿಕೆ.

ಪುಟ್ಟ ರೋಸಿನ್‌ಗೆ ಎರಡನೇ ಹಲ್ಲು ಮೂಡಿದೆ. ಅವಳ ಜೊಲ್ಲಿನ ಮುತ್ತು ಅಜ್ಜಿಗೆ.

ನಿನ್ನ
ಹೀದರ್

ತಾ.ಕ.: ಕ್ರೇಗ್ ಬೂಟು ಹಾಕುತ್ತಿದ್ದಾನೆ. ನೀನು ಕೂತಿದ್ದ ಕುರ್ಚಿಯ ಸಂದಿನಲ್ಲಿ ಆಸ್ಪತ್ರೆಯ ಕಾಗದ ಈಗ ತಾನೇ ಸಿಕ್ಕಿತು. ಎದೆಯ ಗಂಟಿನ ಪರೀಕ್ಷೆ, ಇವತ್ತು ಬೆಳಿಗ್ಗೆ ಎಂಟೂವರೆಗೆ, ಜೊತೆಗೆ ಒಬ್ಬರನ್ನು ಕರೆತನ್ನಿ ಅಂತ ಇದೆ. ನನ್ನನ್ನೇ ಕರೆಯಲು ಬಂದಿದ್ದೆಯಲ್ಲವಾ? ಒಬ್ಬಳೇ ಹೋಗಬೇಡಮ್ಮಾ. ಬಯ್ಯುವುದಿದ್ದರೆ ಬಯ್ಯಿ, ಮಾತಾಡದೆ ಉಸಿರಷ್ಟೇ ಕೇಳಿಸಿದರೂ ಸಾಕು, ಬೆಳಕು ಹರಿಯುವ ಮೊದಲು ಒಂದು ಫೋನ್ ಮಾಡು.