ಮೋಡದ ಮೇಲಿನ ಪೂಜೆ

ಅಕ್ಕಾ,

ವಿಮಾನದ ಕಥೆಯನ್ನು ಮೊದಲು ಹೇಳಿದವಳು ನೀನೇ, ಎಪ್ಪತ್ತೊಂದರಲ್ಲಿ, ಬೊಂಬಾಯಿಯ ಆಸ್ಪತ್ರೆಯಿಂದ ನಮ್ಮೂರು ಬುಕ್ಕಾಂಬುಧಿಗೆ ಮರಳಿದ ಸಂಜೆ, ನೋಡಲು ಬಂದ ಗೆಳತಿಯರಿಗೆ. ರೈಲಿನ ಪ್ರಯಾಣ ನೀನು ತಡೆಯಲಾರೆ ಎಂದು ಅಪ್ಪ ನಮ್ಮಿಬ್ಬರನ್ನೂ ವಿಮಾನ ಹತ್ತಿಸಿದ್ದರು.

"ಆಕಾಶದಲ್ಲೇ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡ್ದೆ ಕಣ್ರೇ! ವಿಮಾನ ಅಲ್ಲಾಡಿ ನೀರೆಲ್ಲ ಇವಳ ಲಂಗದ ಮೇಲೆ! ಅಷ್ಟು ಹತ್ತಿರ ಹೋಗಿ ಕೇಳಿದ್ದೀನಿ, ಶಿವ ಕೊಡದೆ ಇರ್ತಾನಾ? ಅಲ್ವೇನೇ?" ಎಂದು ನೀನು ನನ್ನತ್ತ ತಿರುಗಿದೆ.

ನಿನ್ನ ಹೃದಯಕ್ಕೆ ಆಪರೇಷನ್ ಆಗದು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆದರೂ "ಹೂಂ" ಅಂದೆ. ನನಗಿನ್ನೂ ಒಂಬತ್ತು ವರ್ಷ.

ಹದಿನೈದು ವರ್ಷವಾಯಿತು. ನಿನ್ನೆ ಜಗಲಿಯಲ್ಲಿ ಬೀದಿಯ ಮಕ್ಕಳಿಗೆ ಆ ಕಥೆ ಹೇಳಿದೆ. ಅವರ ನಡುವೆ ಪಕ್ಕದ ಮನೆಯ ಪುಟ್ಟ ವಿಶಾಲಾಕ್ಷಿಯೂ ಇದ್ದಳು. ಅವಳ ತಾಯಿ ಹಾಸಿಗೆ ಹಿಡಿದು ಮೂರು ತಿಂಗಳು.

"ಆಮೇಲೆ ನಿಮ್ಮಕ್ಕ ಹುಷಾರಾದ್ರಾ, ಚಿಕ್ಕಮ್ಮಾ?" ಎಂದು ಕೇಳಿದಳು.

ನೀನು ಆ ವರ್ಷದ ಶ್ರಾವಣವನ್ನೂ ದಾಟಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮತ್ತೆ "ಹೂಂ" ಅಂದುಬಿಟ್ಟೆ.

ಇವತ್ತು ಬೆಳಿಗ್ಗೆ ಮಕ್ಕಳೆಲ್ಲ ವಿಶಾಲಾಕ್ಷಿಯನ್ನು ಕರೆದುಕೊಂಡು ಊರಿನ ಎಲ್ಲಕ್ಕಿಂತ ಎತ್ತರದ ಗುಡ್ಡದ ನೆತ್ತಿ ಹತ್ತಿದರು. ನಾನೂ ಹಿಂದೆಯೇ ಓಡಿದೆ. ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅವಳು ಕೇಳುವುದು ಶಿವನಿಗೆ ಕೇಳಿಸಲಿ ಎಂದು ಉಳಿದವರು ಒಬ್ಬರ ಬಾಯಿ ಒಬ್ಬರು ಮುಚ್ಚಿ ಹಿಡಿದಿದ್ದರು.